ನಿಮಗಿದು ಗೊತ್ತೇ? ಜ್ವರ ಬಿಟ್ಟ ಮೇಲಿನ ಮಲೇರಿಯಾ

ಮಳೆಗಾಲ ಬಂತೆಂದರೆ ರಾಜಾಜಿನಗರ, ವಿಜಯನಗರದ ಲ್ಯಾಬುಗಳ ಮುಂದೆ ಬೆಳಗ್ಗೆ ಬೆಳಗ್ಗೆಯೇ ಸಾಲು. ರಿಪೋರ್ಟು ಕೈಗೆ ಬಂದೊಡನೆ ಎಲ್ಲರ ಕಣ್ಣು ಹೋಗುವುದು ಒಂದೇ ಕಡೆಗೆ: ಪ್ಲೇಟ್‌ಲೆಟ್ ಎಷ್ಟು? ಲಿಂಫೊಸೈಟ್, ಮೊನೊಸೈಟ್, ಇಯೊಸಿನೊಫಿಲ್ ಎಂದು ಕೆಳಗೆ ಬರೆದಿರುವುದನ್ನು ಓದುವವರು ಅಪರೂಪ. ಬಂದಿರುವುದು ಮಲೇರಿಯಾ ಆದರೆ ಕಥೆಯೆಲ್ಲ ಇರುವುದು ಆ ಸಾಲುಗಳಲ್ಲೇ. ಬಿಳಿ ರಕ್ತಕಣಗಳಲ್ಲಿ ಕೆಲವು ಏರುತ್ತವೆ, ಕೆಲವು ಕಾಣೆಯಾಗುತ್ತವೆ, ಕೆಲವು ಬಣ್ಣ ಮೆತ್ತಿಕೊಳ್ಳುತ್ತವೆ, ಕೆಲವಂತೂ ಸ್ವಭಾವವನ್ನೇ ಬದಲಿಸಿಕೊಳ್ಳುತ್ತವೆ. ಜ್ವರ ಮೂರು ದಿನಕ್ಕೆ ಬಿಟ್ಟರೂ ಈ ಬದಲಾವಣೆ ವಾರಗಟ್ಟಲೆ ನಡೆಯುತ್ತದೆ.

ಸಂಪಿನಿಂದ ಶುರು

● ಕೆಂಗೇರಿಯಲ್ಲಿ ವೃಷಭಾವತಿಯ ಆಸುಪಾಸಿನ ಮನೆಗಳವರು ಸಂಜೆಯಾಗುವ ಮೊದಲೇ ಕಿಟಕಿ ಹಾಕಿಕೊಳ್ಳುತ್ತಾರೆ. ಹಾಕಿಕೊಳ್ಳಲಿ, ಒಳ್ಳೆಯದೇ. ಆದರೆ ಕೊಳಚೆಯಲ್ಲಿ ಹುಟ್ಟುವ ಆ ಸೊಳ್ಳೆಗಳಲ್ಲಿ ಬಹುಪಾಲು ಕ್ಯೂಲೆಕ್ಸ್ ಜಾತಿಯವು. ಆನೆಕಾಲು ರೋಗ ಹರಡಬಲ್ಲವು, ಮಲೇರಿಯಾ ಹರಡಲಾರವು. ಪಟ್ಟಣದ ಮಲೇರಿಯಾ ಸೊಳ್ಳೆ ಅನಾಫಿಲಿಸ್ ಸ್ಟೀಫೆನ್ಸಿಗೆ ಬೇಕಾದದ್ದು ತಿಳಿನೀರು: ಮುಚ್ಚಳ ಸರಿಯಾಗಿ ಕೂರದ ಸಂಪು, ತಾರಸಿಯ ಟ್ಯಾಂಕು, ಬಳಸದೆ ಬಿಟ್ಟ ಬಾವಿ, ಮೋಲ್ಡ್ ಹಾಕಿದ ಮೇಲೆ ಕ್ಯೂರಿಂಗ್‌ಗೆಂದು ಕಟ್ಟಿ ನಿಲ್ಲಿಸಿದ ನೀರು. ಕಾವೇರಿ ನೀರು ದಿನ ಬಿಟ್ಟು ದಿನ ಬರುವ ಬಡಾವಣೆಗಳಲ್ಲಿ ಸಂಪಿಲ್ಲದ ಮನೆಯನ್ನು ಎಲ್ಲಿ ಹುಡುಕುವುದು?

● ಈ ಸ್ಟೀಫೆನ್ಸಿಯ ಒಂದು ಬಗೆಗೆ ಮೈಸೂರಿನ ಹೆಸರಿದೆ: ಮೈಸೂರೆನ್ಸಿಸ್. ಮೈಸೂರು ಸಂಸ್ಥಾನದಲ್ಲಿ ಮಲೇರಿಯಾ ಅಧ್ಯಯನ ಮಾಡುತ್ತಿದ್ದ ಡಬ್ಲ್ಯು.ಸಿ. ಸ್ವೀಟ್ ಮತ್ತು ಬಿ.ಎ. ರಾವ್ 1937ರಲ್ಲಿ ಇದನ್ನು ಬೇರೆ ಬಗೆಯೆಂದು ಗುರುತಿಸಿದರು. ಅವರು ನೋಡಿದ್ದು ಸೊಳ್ಳೆಯನ್ನಲ್ಲ, ಅದರ ಮೊಟ್ಟೆಯನ್ನು. ಮೊಟ್ಟೆ ನೀರಿನಲ್ಲಿ ತೇಲಲೆಂದು ಎರಡೂ ಪಕ್ಕದಲ್ಲಿ ಗಾಳಿ ತುಂಬಿದ ತೇಲುಪಟ್ಟಿ ಇರುತ್ತದೆ. ಅದರ ಮೇಲಿನ ಏಣುಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸಿದರು. ಪಟ್ಟಣದ ಬಗೆಯಲ್ಲಿ 14ರಿಂದ 22 ಏಣು, ಮೈಸೂರೆನ್ಸಿಸ್‌ನಲ್ಲಿ ಅದಕ್ಕಿಂತ ಕಡಿಮೆ. ನಮ್ಮ ಹಳ್ಳಿಗಾಡಿನ ಮೈಸೂರೆನ್ಸಿಸ್ ಹೆಚ್ಚಾಗಿ ದನಗಳನ್ನು ಕಚ್ಚುತ್ತದೆ. ಮಲೇರಿಯಾ ಹರಡುವುದರಲ್ಲಿ ಪಟ್ಟಣದ ಬಗೆಯದೇ ಮೇಲುಗೈ.

● ಸೊಳ್ಳೆಯಿಂದ ಮಲೇರಿಯಾ ಹರಡುತ್ತದೆಂದು ತೋರಿಸಿ 1902ರಲ್ಲಿ ನೊಬೆಲ್ ಪಡೆದ ರೊನಾಲ್ಡ್ ರಾಸ್ 1883ರಲ್ಲಿ ಬೆಂಗಳೂರು ದಂಡಿನ ವೈದ್ಯರಾಗಿದ್ದರು. ತಮ್ಮ ಬಂಗಲೆಯಲ್ಲಿ ಸೊಳ್ಳೆಕಾಟ ಯಾಕೆ ಹೆಚ್ಚೆಂದು ಹುಡುಕಿದಾಗ ಕಿಟಕಿಯ ಹೊರಗಿನ ನೀರಿನ ತೊಟ್ಟಿಯಲ್ಲಿ ಮರಿಗಳು ಸಿಕ್ಕವು. ತೊಟ್ಟಿ ಬೋರಲು ಬಿತ್ತು, ಕಾಟ ತಗ್ಗಿತು. ಸೊಳ್ಳೆಗೂ ಚಳಿಜ್ವರಕ್ಕೂ ನಂಟಿದೆಯೆಂಬುದು ಆಗ ಅವರಿಗೂ ಗೊತ್ತಿರಲಿಲ್ಲ. ಸೊಳ್ಳೆಯ ಹೊಟ್ಟೆಯಲ್ಲಿ ರೋಗಾಣು ಕಂಡದ್ದು 1897ರ ಆಗಸ್ಟ್ 20ರಂದು, ಸಿಕಂದರಾಬಾದಿನಲ್ಲಿ.

● ನಮ್ಮ ಸಂಪಿನ ಸೊಳ್ಳೆ ಈಗ ಆಫ್ರಿಕಾವಾಸಿಯೂ ಹೌದು. 2012ರಲ್ಲಿ ಆಫ್ರಿಕಾದ ಜಿಬೂಟಿಯಲ್ಲಿ ಸ್ಟೀಫೆನ್ಸಿ ಕಾಣಿಸಿಕೊಂಡಿತು, 2016ರಲ್ಲಿ ಇಥಿಯೋಪಿಯಾದಲ್ಲಿ. ಆಫ್ರಿಕಾದಲ್ಲಿ ಮಲೇರಿಯಾ ಬಹುಮಟ್ಟಿಗೆ ಹಳ್ಳಿಯ ರೋಗವಾಗಿತ್ತು. ಅಲ್ಲಿನ ಪಟ್ಟಣಗಳಿಗೂ ಈಗ ಟ್ಯಾಂಕು ಮುಚ್ಚುವ ಪಾಠ.

● ಕೋಲಾರ ಜಿಲ್ಲೆಯ ಕಾಮಸಮುದ್ರ ಸೀಮೆಯಲ್ಲಿ ಬಾವಿಗಳಿಗೆ ಸೊಳ್ಳೆಮರಿ ತಿನ್ನುವ ಗಪ್ಪಿ, ಗ್ಯಾಂಬೂಸಿಯಾ ಮೀನು ಬಿಟ್ಟು ಮಲೇರಿಯಾ ಇಳಿಸಿದ ಪ್ರಯೋಗ ದೇಶದ ಮಲೇರಿಯಾ ಸಂಶೋಧಕರಿಗೆಲ್ಲ ಗೊತ್ತು. ರಾಜಾಜಿನಗರದವರಿಗೆ ಗೊತ್ತಿಲ್ಲ.

ಸದ್ದಿಲ್ಲದ ಎರಡು ವಾರ

● ಸೊಳ್ಳೆ ಕಚ್ಚಿದಾಗ ಚರ್ಮದೊಳಗೆ ಇಳಿಯುವ ರೋಗಾಣುಗಳು ಹೆಚ್ಚೇನೂ ಇಲ್ಲ, ಸಾಮಾನ್ಯವಾಗಿ ನೂರರೊಳಗೆ. ಅವು ರಕ್ತನಾಳ ಹುಡುಕಿಕೊಂಡು ಲಿವರ್ ಸೇರುತ್ತವೆ. ಲಿವರಿನ ರಕ್ತನಾಳಗಳಲ್ಲಿ ಕುಪ್ಫರ್ ಕೋಶಗಳೆಂಬ ಮ್ಯಾಕ್ರೋಫೇಜ್‌ಗಳು ಕೂತಿರುತ್ತವೆ. ಸಿಕ್ಕಿದ್ದನ್ನೆಲ್ಲ ನುಂಗುವುದೇ ಅವುಗಳ ಕೆಲಸ. ಮಲೇರಿಯಾ ರೋಗಾಣು ಎಷ್ಟೋ ಸಲ ಆ ಕುಪ್ಫರ್ ಕೋಶದೊಳಗಿಂದಲೇ ಹಾದು ಆಚೆಯ ಲಿವರ್ ಕೋಶಕ್ಕೆ ಹೋಗಿಬಿಡುತ್ತದೆ. ಅಲ್ಲಿ ಒಂದೊಂದೂ ಸಾವಿರಗಟ್ಟಲೆ ಮರಿಯಾಗುತ್ತದೆ. ಈ ಹೊತ್ತಿನಲ್ಲಿ ರೋಗಿಗೆ ಜ್ವರವಿಲ್ಲ, ಸುಸ್ತಿಲ್ಲ, ರಕ್ತ ಪರೀಕ್ಷೆ ಮಾಡಿಸಿದರೂ ಏನೂ ಸಿಗುವುದಿಲ್ಲ.

● ಸೋಂಕು ತಗುಲಿದ ಲಿವರ್ ಕೋಶವನ್ನು ಗುರುತಿಸಿ ಕೊಲ್ಲಬಲ್ಲವು ಸಿಡಿ8 ಟಿ ಕೋಶಗಳೆಂಬ ಲಿಂಫೊಸೈಟ್‌ಗಳು. ವಿಕಿರಣದಿಂದ ಶಕ್ತಿಗುಂದಿಸಿದ ರೋಗಾಣುಗಳನ್ನು ಕೊಟ್ಟರೆ ಇಲಿಗಳಿಗೆ ರಕ್ಷಣೆ ಸಿಗುತ್ತದೆಂದು ರೂತ್ ನಸೆನ್ಸ್‌ವೈಗ್ 1967ರಲ್ಲೇ ತೋರಿಸಿದ್ದರು. ಇಂದಿನ ಲಸಿಕೆಗಳ ಬೇರು ಅಲ್ಲಿದೆ.

● ಮೊದಲ ಸಲ ಸೋಂಕು ತಗುಲಿದವರಲ್ಲಿ ಈ ಟಿ ಕೋಶಗಳು ಸಾಕಷ್ಟು ಸಂಖ್ಯೆಯಲ್ಲಿ ತಯಾರಾಗುವ ಹೊತ್ತಿಗೆ ರೋಗಾಣು ಲಿವರ್ ಬಿಟ್ಟಾಗಿರುತ್ತದೆ.

● ಕಚ್ಚಿದ ದಿನದಿಂದ ಜ್ವರಕ್ಕೆ ಫಾಲ್ಸಿಪಾರಮ್ ಬಗೆಯಲ್ಲಿ ಸುಮಾರು 9ರಿಂದ 14 ದಿನ, ವೈವ್ಯಾಕ್ಸ್‌ನಲ್ಲಿ 12ರಿಂದ 17 ದಿನ. ಕರ್ನಾಟಕದಲ್ಲಿ 1990ರ ದಶಕದಿಂದ ಮಲೇರಿಯಾಕ್ಕೆ ಹೆಸರಾದ ಊರು ಮಂಗಳೂರು. ಅಲ್ಲಿ ಮದುವೆ ಊಟ ಮಾಡಿ ಯಶವಂತಪುರದಲ್ಲಿ ರೈಲಿಳಿದು ಮನೆಗೆ ಬಂದವರಿಗೆ ಎರಡು ವಾರದ ಮೇಲೆ ನಡುಕ ಬಂದರೆ, ಡಾಕ್ಟರಿಗೆ ಆ ಪ್ರಯಾಣದ ಸಂಗತಿ ಹೇಳಲೇಬೇಕು. ಹೇಳದಿದ್ದರೆ ಬಸವೇಶ್ವರನಗರದಲ್ಲಿ ಕೂತ ಡಾಕ್ಟರು ಮೊದಲು ನೆನೆಸುವುದು ಡೆಂಗಿಯನ್ನೇ.

ನಡುಕದ ದಿನಗಳು

● ಚಳಿ, ಜ್ವರ, ಬೆವರು: ಈ ಮೂರನ್ನೂ ತರುವುದು ರೋಗಾಣುವಿಗಿಂತ ಹೆಚ್ಚಾಗಿ ನಮ್ಮದೇ ಕೋಶಗಳು. ಕೆಂಪು ರಕ್ತಕಣಗಳು ಒಟ್ಟಿಗೆ ಒಡೆದು ರೋಗಾಣುಗಳು ಹೊರಬಿದ್ದಾಗ ಮೊನೊಸೈಟ್, ಮ್ಯಾಕ್ರೋಫೇಜ್‌ಗಳು ಕೆರಳಿ ಟಿಎನ್‌ಎಫ್, ಐಎಲ್-1, ಐಎಲ್-6 ಎಂಬ ಸೈಟೊಕೈನ್ ರಾಸಾಯನಿಕಗಳನ್ನು ಸುರಿಸುತ್ತವೆ. ಅವು ಮೆದುಳಿಗೆ ಮುಟ್ಟಿದಾಗ ಮೈ ಬಿಸಿಯಾಗುತ್ತದೆ. ಕಣ ಒಡೆಯುವುದಕ್ಕೂ ಜ್ವರ ಏರುವುದಕ್ಕೂ ಇರುವ ನಂಟನ್ನು ಇಟಲಿಯ ಕಮಿಲ್ಲೊ ಗೋಲ್ಜಿ 1886ರಲ್ಲಿ ಗುರುತಿಸಿದರು. 48 ಗಂಟೆಗೊಮ್ಮೆ ಒಡೆಯುವ ವೈವ್ಯಾಕ್ಸ್‌ನಲ್ಲಿ ದಿನ ಬಿಟ್ಟು ದಿನ ಜ್ವರ ಬರುವುದು ಅದಕ್ಕೇ.

● ಕೆಂಪು ರಕ್ತಕಣವನ್ನೇ ರೋಗಾಣು ಯಾಕೆ ಆರಿಸಿಕೊಂಡಿತು? ನಮ್ಮ ದೇಹದ ಮಿಕ್ಕ ಬಹುತೇಕ ಕೋಶಗಳು ಒಳಗೇನಿದೆಯೆಂಬುದರ ತುಣುಕುಗಳನ್ನು ಎಚ್‌ಎಲ್‌ಎ ಎಂಬ ಅಣುಗಳ ಮೇಲೆ ಇಟ್ಟು ಹೊರಗೆ ತೋರಿಸುತ್ತವೆ. ಅದನ್ನು ನೋಡಿ ಸಿಡಿ8 ಟಿ ಕೋಶಗಳು ಸೋಂಕು ಪತ್ತೆ ಹಚ್ಚುತ್ತವೆ. ಬಲಿತ ಕೆಂಪು ಕಣಕ್ಕೆ ನ್ಯೂಕ್ಲಿಯಸ್ಸೂ ಇಲ್ಲ, ಆ ತೋರಿಸುವ ಏರ್ಪಾಡೂ ಇಲ್ಲ. ಒಳಗೆ ಹೊಕ್ಕ ರೋಗಾಣು ಟಿ ಕೋಶದ ಕಣ್ಣಿಗೆ ಬೀಳುವುದಿಲ್ಲ.

● ವೈವ್ಯಾಕ್ಸ್‌ಗೆ ಮಾತ್ರ ಇಲ್ಲೊಂದು ತೊಡಕು. ಅದು ಹೊಕ್ಕುವುದು ಆಗಷ್ಟೇ ಮಜ್ಜೆಯಿಂದ ಹೊರಟ ಎಳೆಯ ಕೆಂಪು ಕಣಗಳಿಗೆ. ಅವುಗಳಲ್ಲಿ ಎಚ್‌ಎಲ್‌ಎ ಇನ್ನೂ ಉಳಿದಿರುತ್ತದೆ. ಆದ್ದರಿಂದ ಸಿಡಿ8 ಕೋಶಗಳು ಅವನ್ನು ಗುರುತಿಸಿ, ಕೆಂಪು ಕಣದ ಜತೆಗೆ ಒಳಗಿನ ರೋಗಾಣುವನ್ನೂ ಕೊಲ್ಲಬಲ್ಲವೆಂದು ಬ್ರೆಜಿಲ್ ರೋಗಿಗಳ ರಕ್ತದಲ್ಲಿ ನಡೆದ ಅಧ್ಯಯನ 2018ರಲ್ಲಿ ತೋರಿಸಿತು. ಪಠ್ಯಪುಸ್ತಕ ತಿದ್ದಬೇಕಾದ ಸಂಗತಿ ಇದು.

● ಮಲೇರಿಯಾ ರೋಗಾಣುವಿನೊಳಗೆ ಗಿಡದ ಚಹರೆಯಿದೆ! ಯಾವುದೋ ಕಾಲದಲ್ಲಿ ಪಾಚಿಯಿಂದ ಬಂದ ಎಪಿಕೋಪ್ಲಾಸ್ಟ್ ಎಂಬ ಅಂಗ ಅದರಲ್ಲಿ ಈಗಲೂ ಉಳಿದಿದೆ. ಎಲೆಯ ಹಸಿರುಕಣದ ದೂರದ ನೆಂಟ, ಹಸಿರು ಮಾತ್ರ ಇಲ್ಲ. ಅಲ್ಲಿ ತಯಾರಾಗುವ ಒಂದು ಸಣ್ಣ ಅಣುವನ್ನು ನಮ್ಮ ಗಾಮಾ ಡೆಲ್ಟಾ ಟಿ ಕೋಶಗಳು ಚೆನ್ನಾಗಿ ಗುರುತಿಸುತ್ತವೆ. ಮೊದಲ ಸಲ ಮಲೇರಿಯಾ ಬಂದವರ ರಕ್ತದಲ್ಲಿ ಈ ಕೋಶಗಳು ಗಮನಾರ್ಹವಾಗಿ ಹೆಚ್ಚುತ್ತವೆ. ಇದೇ ಎಪಿಕೋಪ್ಲಾಸ್ಟಿನ ಕೊಬ್ಬು ತಯಾರಿಕೆಯನ್ನು ಟ್ರೈಕ್ಲೊಸಾನ್ ಎಂಬ ರಾಸಾಯನಿಕದಿಂದ ತಡೆಯಬಹುದೆಂದು 2001ರಲ್ಲಿ ತೋರಿಸಿದ್ದು ಬೆಂಗಳೂರಿನವರು: ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ನಮಿತಾ ಸುರೋಲಿಯಾ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ಅವಧೇಶ ಸುರೋಲಿಯಾ. ರಕ್ತದಲ್ಲಿರುವಾಗ ರೋಗಾಣುವಿಗೆ ಆ ದಾರಿ ಅಷ್ಟೇನೂ ಅಗತ್ಯವಿಲ್ಲವೆಂದು ಮುಂದೆ ತಿಳಿಯಿತು, ಔಷಧವಾಗಲಿಲ್ಲ. ಆದರೂ ಜಗತ್ತು ಆ ಅಂಗದತ್ತ ತಿರುಗಿ ನೋಡಿದ್ದರಲ್ಲಿ ಅವರ ಪಾಲು ದೊಡ್ಡದು.

● ಎನ್‌ಕೆ ಕೋಶಗಳೆಂಬ ಲಿಂಫೊಸೈಟ್‌ಗಳು ಯಾರಿಗೂ ಕಾಯುವುದಿಲ್ಲ. ರೋಗಾಣು ರಕ್ತಕ್ಕೆ ಇಳಿದ ಆರಂಭದಲ್ಲೇ ಇಂಟರ್‌ಫೆರಾನ್ ಗಾಮಾ ಎಂಬ ಸೈಟೊಕೈನ್ ಸುರಿಸುವವರಲ್ಲಿ ಅವು ಮುಂದಿನ ಸಾಲು.

● ಗುಲ್ಮ ಗೊತ್ತಲ್ಲ? ಎಡ ಪಕ್ಕೆಲುಬಿನ ಕೆಳಗೆ ಅಡಗಿರುವ ಅಂಗ. ರಕ್ತದ ಜರಡಿ ಅದು. ಮೆತ್ತಗಿನ ಕೆಂಪು ಕಣ ಅದರ ಸಂದಿಗಳಲ್ಲಿ ನುಸುಳಿ ಹೋಗುತ್ತದೆ, ರೋಗಾಣು ಹೊಕ್ಕು ಬಿರುಸಾದದ್ದು ಸಿಕ್ಕಿಬೀಳುತ್ತದೆ, ಮ್ಯಾಕ್ರೋಫೇಜ್‌ಗಳು ನುಂಗುತ್ತವೆ. ಕೆಲಸ ಹೆಚ್ಚಾದಷ್ಟೂ ಗುಲ್ಮ ಊದುತ್ತದೆ. ಹಳೆಯ ಕಾಲದ ಮಲೇರಿಯಾ ವೈದ್ಯರು ಒಂದು ಹಳ್ಳಿಯಲ್ಲಿ ರೋಗ ಎಷ್ಟಿದೆಯೆಂದು ತಿಳಿಯಲು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಹೊಟ್ಟೆ ಮುಟ್ಟಿ ನೋಡುತ್ತಿದ್ದರು. ನೂರಕ್ಕೆ ಎಷ್ಟು ಮಕ್ಕಳ ಗುಲ್ಮ ಕೈಗೆ ಸಿಕ್ಕಿತೋ ಅದು ಆ ಊರಿನ ಲೆಕ್ಕ. ರಕ್ತ ಬೇಡ, ಲ್ಯಾಬು ಬೇಡ.

● ಗುಲ್ಮವೇ ರೋಗಾಣುವಿನ ಅಡಗುದಾಣವೂ ಹೌದು. ಇಂಡೊನೇಷ್ಯಾದ ಪಪುವಾದಲ್ಲಿ ಬೇರೆ ಕಾರಣಕ್ಕೆ ಗುಲ್ಮ ತೆಗೆಸಿಕೊಂಡವರಲ್ಲಿ ಪರೀಕ್ಷಿಸಿದಾಗ, ಜ್ವರವೇ ಇಲ್ಲದವರಲ್ಲೂ ವೈವ್ಯಾಕ್ಸ್ ರೋಗಾಣುಗಳಲ್ಲಿ ನೂರಕ್ಕೆ 98ಕ್ಕೂ ಹೆಚ್ಚು ಗುಲ್ಮದಲ್ಲೇ ಇದ್ದವು. 2021ರಲ್ಲಿ ಪ್ರಕಟವಾದ ಸಂಗತಿ.

● ಫಾಲ್ಸಿಪಾರಮ್ ಗುಲ್ಮದಿಂದ ತಪ್ಪಿಸಿಕೊಳ್ಳಲು ರಕ್ತನಾಳದ ಗೋಡೆಗೆ ಅಂಟಿ ಕೂರುತ್ತದೆ. ಮೆದುಳಿನ ನಾಳಗಳಲ್ಲಿ ಹೀಗೆ ಅಂಟಿದರೆ ಪ್ರಾಣಕ್ಕೇ ಕುತ್ತು. ಅಂಟುವ ಪ್ರೋಟೀನಿಗೆ ಸುಮಾರು 60 ವೇಷಗಳಿವೆ. ಒಂದಕ್ಕೆ ಪ್ರತಿಕಾಯ ತಯಾರಾಗುವಷ್ಟರಲ್ಲಿ ಇನ್ನೊಂದು ವೇಷ.

● ಈಗ ಸೂಕ್ಷ್ಮದರ್ಶಕದ ಕೆಳಗೆ ನೋಡೋಣ. ಬೆರಳ ತುದಿಯ ಒಂದು ಹನಿ ರಕ್ತ, ಗಾಜಿನ ಪಟ್ಟಿ, 1944ರಲ್ಲಿ ಜಸ್ವಂತ್ ಸಿಂಗ್ ಮತ್ತು ಭಟ್ಟಾಚಾರ್ಜಿ ರೂಪಿಸಿದ ಜೆಎಸ್‌ಬಿ ಬಣ್ಣ, ಮೇಲೊಂದು ತೊಟ್ಟು ಎಣ್ಣೆ. ಕೆಂಪು ಕಣಗಳ ನಡುವೆ ದೊಡ್ಡದೊಂದು ಕೋಶ, ಒಳಗೆ ಮಡಿಚಿದಂತಿರುವ ನ್ಯೂಕ್ಲಿಯಸ್: ಅದು ಮೊನೊಸೈಟ್. ಅದರ ಮೈಯಲ್ಲಿ ಕಂದುಗಪ್ಪು ಚುಕ್ಕೆಗಳಿದ್ದರೆ ಲ್ಯಾಬಿನ ಅನುಭವಿ ಕಣ್ಣು ಅಲ್ಲೇ ನಿಲ್ಲುತ್ತದೆ. ಆ ಚುಕ್ಕೆ ಹೀಮೊಜೊಯಿನ್. ರೋಗಾಣು ಹಿಮೋಗ್ಲೋಬಿನ್ ತಿಂದು ಉಳಿಸಿದ ಕಬ್ಬಿಣದ ಕಸ, ಅದನ್ನು ನುಂಗಿದ್ದು ಮೊನೊಸೈಟ್. ರೋಗಾಣು ರಕ್ತದಿಂದ ಮರೆಯಾದ ಮೇಲೂ ಈ ಚುಕ್ಕೆ ಸ್ವಲ್ಪ ಕಾಲ ಸಾಕ್ಷಿಯಾಗಿ ಉಳಿಯುತ್ತದೆ. ನ್ಯೂಟ್ರೋಫಿಲ್‌ಗಳಲ್ಲೂ ಚುಕ್ಕೆ ಹೆಚ್ಚು ಕಂಡರೆ ಕಾಯಿಲೆ ಗಂಭೀರವೆಂದು ಲೆಕ್ಕ.

● ಮಲೇರಿಯಾ ಗುಳಿಗೆ ಕ್ಲೋರೊಕ್ವಿನ್ ಕೆಲಸ ಮಾಡುವುದು ಈ ಕಸದ ಮೇಲೆಯೇ. ಹೀಮ್ ಎಂಬ ವಿಷವನ್ನು ರೋಗಾಣು ಹರಳಾಗಿಸಿ ನಿರುಪದ್ರವಿ ಮಾಡಿಕೊಳ್ಳುತ್ತದೆ. ಗುಳಿಗೆ ಅದಕ್ಕೆ ಬಿಡುವುದಿಲ್ಲ. ತಾನು ತಿಂದದ್ದೇ ಅದಕ್ಕೆ ವಿಷ.

● ಮಲೇರಿಯಾ ಎಷ್ಟು ಜೋರಾಗಿದೆಯೆಂದು ಅಳೆಯಲು ಬಿಳಿ ರಕ್ತಕಣವೇ ಅಳತೆಗೋಲು. ದಪ್ಪ ಲೇಪದಲ್ಲಿ 200 ಬಿಳಿ ಕಣ ಎಣಿಸುವಷ್ಟರಲ್ಲಿ ಎಷ್ಟು ರೋಗಾಣು ಸಿಕ್ಕವೆಂದು ನೋಡುತ್ತಾರೆ. ಒಂದು ಮೈಕ್ರೊಲೀಟರಿಗೆ 8,000 ಬಿಳಿ ಕಣವಿದೆಯೆಂದು ಇಟ್ಟುಕೊಂಡರೆ, 50 ಸಿಕ್ಕರೆ 2,000 ರೋಗಾಣು. ತಮಾಷೆಯೆಂದರೆ ಮಲೇರಿಯಾದಲ್ಲಿ ಬಿಳಿ ಕಣವೇ ಇಳಿದಿರುವುದುಂಟು. ನಿಜವಾಗಿ 4,000 ಇದ್ದರೆ ಲೆಕ್ಕ ಎರಡು ಪಟ್ಟು ತಪ್ಪು!

● ಬಿಳಿ ಕಣದಲ್ಲಿ ಮುಖ್ಯವಾಗಿ ಕುಸಿಯುವುದು ಲಿಂಫೊಸೈಟ್. ಕೆಲವು ಸಾಯುತ್ತವೆ, ಬಹಳಷ್ಟು ರಕ್ತ ಬಿಟ್ಟು ಗುಲ್ಮ ಮುಂತಾದ ಕಡೆ ಕೆಲಸಕ್ಕೆ ಹೋಗಿರುತ್ತವೆ. ಚಿಕಿತ್ಸೆ ಶುರುವಾಗಿ ಕೆಲವೇ ದಿನಗಳಲ್ಲಿ ಮರಳುತ್ತವೆ. ಸಂಖ್ಯೆ ಮರಳಿತೆಂದರೆ ಗುಣವೂ ಮರಳಿತೆಂದಲ್ಲ. ಅದನ್ನು ಮುಂದೆ ನೋಡೋಣ.

● ಪ್ಲೇಟ್‌ಲೆಟ್ ಡೆಂಗಿಯಲ್ಲಿ ಮಾತ್ರ ಇಳಿಯುವುದಿಲ್ಲ. ಮಲೇರಿಯಾದಲ್ಲೂ, ವೈವ್ಯಾಕ್ಸ್ ಆಗಿರಲಿ ಫಾಲ್ಸಿಪಾರಮ್ ಆಗಿರಲಿ, ಇಳಿಯುವುದು ತೀರ ಸಾಮಾನ್ಯ. ಪ್ಲೇಟ್‌ಲೆಟ್ ಇಳಿಕೆಗೂ ಉರಿಯೂತದ ಸೈಟೊಕೈನ್‌ಗಳ ಏರಿಕೆಗೂ ಇರುವ ನಂಟನ್ನು ಮಂಗಳೂರಿನ ರೋಗಿಗಳಲ್ಲಿ ಕುವೆಂಪು ವಿಶ್ವವಿದ್ಯಾಲಯದ ಸಂಶೋಧಕರು ಅಧ್ಯಯನ ಮಾಡಿದ್ದಾರೆ. ಪ್ಲೇಟ್‌ಲೆಟ್ ಬರೀ ಬಲಿಪಶುವೂ ಅಲ್ಲ: ಸೋಂಕು ತಗುಲಿದ ಕೆಂಪು ಕಣಕ್ಕೆ ಅಂಟಿ, ಪಿಎಫ್4 ಎಂಬ ಪ್ರೋಟೀನ್ ಬಿಟ್ಟು ರೋಗಾಣುವನ್ನು ಕೊಲ್ಲುತ್ತದೆ. ಮಲೇರಿಯಾ ಔಷಧ ಶುರುವಾದರೆ ಸಾಮಾನ್ಯವಾಗಿ ಒಂದು ವಾರದೊಳಗೆ ತಾನೇ ಏರುತ್ತದೆ. ಪರಂಗಿ ಎಲೆಯ ರಸಕ್ಕೆ ಸಲ್ಲುವ ಕೀರ್ತಿಯಲ್ಲಿ ಎಷ್ಟು ಪಾಲು ಹೀಗೆ ತಾನೇ ಏರಿದ್ದೋ!

● ‘ಮಲೇರಿಯಾನೂ ಇದೆ, ಟೈಫಾಯ್ಡೂ ಇದೆ’ ಎಂಬ ಮಾತು ಕೇಳಿರುತ್ತೀರಿ. ಕೆಲವೊಮ್ಮೆ ನಿಜ. ಆದರೆ ಮಲೇರಿಯಾ ಪ್ರತಿಕಾಯ ತಯಾರಿಸುವ ಬಿ ಕೋಶಗಳನ್ನು ಗೊತ್ತುಗುರಿಯಿಲ್ಲದೆ ಕೆರಳಿಸುತ್ತದೆ. ಸಂಬಂಧವೇ ಇಲ್ಲದ ಪ್ರತಿಕಾಯಗಳೂ ಹುಟ್ಟುತ್ತವೆ. ಹೀಗಾಗಿ ಟೈಫಾಯ್ಡಿಗೆ ಮಾಡಿಸುವ ವಿಡಾಲ್ ಪರೀಕ್ಷೆ ಸುಳ್ಳೇ ಪಾಸಿಟಿವ್ ಬರಬಹುದು. ಟೈಫಾಯ್ಡ್ ಖಚಿತವಾಗಬೇಕಾದರೆ ರಕ್ತದ ಕಲ್ಚರ್.

● ಹಾಗೆಂದು ಟೈಫಾಯ್ಡ್ ಕುಲದ ಸಾಲ್ಮೊನೆಲ್ಲಾವನ್ನು ಹಗುರವಾಗಿ ಕಾಣುವಂತೆಯೂ ಇಲ್ಲ. ಕಣಗಳು ಒಡೆದು ಹೀಮ್ ಹರಿದಾಡಿದಾಗ, ಮಜ್ಜೆಯಿಂದ ಹೊರಬರುವ ಎಳೆಯ ನ್ಯೂಟ್ರೋಫಿಲ್‌ಗಳಿಗೆ ಬ್ಯಾಕ್ಟೀರಿಯಾ ಸುಡುವ ಶಕ್ತಿ ಕುಂದುತ್ತದೆ. ಆಫ್ರಿಕಾದ ಮಕ್ಕಳಲ್ಲಿ ಮಲೇರಿಯಾದ ಬೆನ್ನಿಗೇ ಸಾಲ್ಮೊನೆಲ್ಲಾ ಸೋಂಕು ಬರುವುದಕ್ಕೆ ಇದೊಂದು ಕಾರಣ.

● ರಕ್ತಹೀನತೆಗೆ ರೋಗಾಣುವೊಂದನ್ನೇ ದೂರಿ ಫಲವಿಲ್ಲ. ಸೋಂಕಿತ ಒಂದು ಕೆಂಪು ಕಣ ನಾಶವಾದರೆ ಜತೆಗೆ ಆರೋಗ್ಯವಂತ ಕಣಗಳು ಫಾಲ್ಸಿಪಾರಮ್‌ನಲ್ಲಿ ಸುಮಾರು 8, ವೈವ್ಯಾಕ್ಸ್‌ನಲ್ಲಿ ಸುಮಾರು 34 ನಾಶವಾಗುತ್ತವೆಂದು ಅಂದಾಜು. ಅವುಗಳಲ್ಲಿ ಬಹಳಷ್ಟನ್ನು ನುಂಗುವುದು ನಮ್ಮದೇ ಮ್ಯಾಕ್ರೋಫೇಜ್.

ಜ್ವರ ಬಿಟ್ಟಿತು, ಮುಂದೆ?

● ಚಿಕಿತ್ಸೆಯ ಮೊದಲ ದಿನ, 7ನೆಯ ದಿನ, 28ನೆಯ ದಿನ: ಹೀಗೆ ಫಾಲ್ಸಿಪಾರಮ್ ರೋಗಿಗಳ ರಕ್ತ ತೆಗೆದು ಒಂದೊಂದೇ ಕೋಶದಲ್ಲಿ ಯಾವ ಜೀನು ಚುರುಕಾಗಿದೆಯೆಂದು ಓದಿದ ಅಧ್ಯಯನವೊಂದು 2023ರಲ್ಲಿ ‘ನೇಚರ್ ಕಮ್ಯುನಿಕೇಷನ್ಸ್’ನಲ್ಲಿ ಬಂತು. ಕಂಡದ್ದೇನೆಂದರೆ ಮೊನೊಸೈಟ್, ಟಿ ಕೋಶ, ಬಿ ಕೋಶ ಮೂರರಲ್ಲೂ ಉರಿಯೂತವನ್ನು ತಗ್ಗಿಸುವ ಗುಣ ತಲೆಯೆತ್ತಿತ್ತು. ದೇಹ ರೋಗಾಣುವಿನ ಜತೆ ಹೋರಾಡುತ್ತಲೇ ತನ್ನ ಸಿಟ್ಟನ್ನೂ ಹಿಡಿಯುತ್ತಿರುತ್ತದೆ.

● ಈ ಕೆಲಸದಲ್ಲಿ ಮುಖ್ಯವಾದದ್ದು ಟಿಆರ್1 ಎಂಬ ಟಿ ಕೋಶ. ಒಂದೇ ಕೋಶ ಇಂಟರ್‌ಫೆರಾನ್ ಗಾಮಾ ಸುರಿಸಿ ಉರಿಯೂತ ಏರಿಸುತ್ತದೆ, ಐಎಲ್-10 ಸುರಿಸಿ ಇಳಿಸುತ್ತದೆ. ಹೊಡೆಯುವ ಕೈಯೂ ಅದೇ, ತಡೆಯುವ ಕೈಯೂ ಅದೇ. ಸದಾ ಮಲೇರಿಯಾ ಇರುವ ಉಗಾಂಡದ ಮಕ್ಕಳಲ್ಲಿ ಇಂಥ ಕೋಶಗಳು ಹೇರಳ. ಇವು ಇಲ್ಲದಿದ್ದರೆ ರೋಗಾಣುವಿಗಿಂತ ಮೊದಲು ಉರಿಯೂತವೇ ಕೊಲ್ಲುತ್ತಿತ್ತು; ಇವು ಅತಿಯಾದರೆ ರೋಗಾಣು ಪೂರ್ತಿ ಹೋಗುವುದೇ ಇಲ್ಲ. ಮಲೇರಿಯಾ ಪೀಡಿತ ಊರುಗಳಲ್ಲಿ ರಕ್ತದಲ್ಲಿ ರೋಗಾಣು ಇಟ್ಟುಕೊಂಡೇ ಜನ ಕೆಲಸಕ್ಕೆ ಹೋಗುವುದರ ಹಿಂದೆ ಈ ರಾಜಿಯಿದೆ.

● ಗಾಮಾ ಡೆಲ್ಟಾ ಕೋಶಗಳದೂ ಇದೇ ಹಾದಿ. ಮೇಲಿಂದ ಮೇಲೆ ಸೋಂಕಾದ ಉಗಾಂಡದ ಮಕ್ಕಳಲ್ಲಿ ಅವುಗಳ ಸಂಖ್ಯೆ ಇಳಿದು, ಸೈಟೊಕೈನ್ ಸುರಿಸುವ ಉತ್ಸಾಹವೂ ಕುಗ್ಗಿತ್ತು. ಅಂಥ ಮಕ್ಕಳಿಗೆ ರೋಗಾಣು ಇದ್ದರೂ ಜ್ವರ ಬರುವುದು ಕಡಿಮೆ.

● ಕಾಯಿಲೆ ಜೋರಿದ್ದಾಗ ಇಯೊಸಿನೊಫಿಲ್ ರಕ್ತದಲ್ಲಿ ಕಾಣುವುದೇ ಕಷ್ಟ. ಗುಣವಾಗುತ್ತಿದ್ದಂತೆ ಮಾಮೂಲಿಗಿಂತ ಹೆಚ್ಚಾಗುವುದುಂಟು. ಆ ವಾರದ ರಿಪೋರ್ಟು ನೋಡಿ ಅಲರ್ಜಿಯೆಂದುಕೊಂಡು ಬೆಂಗಳೂರಿನ ಧೂಳಿಗೆ ಬೈಯಬೇಡಿ. ಇನ್ನೂ ಒಂದು ಮಾತು: ಕೆಲವು ಎಣಿಕೆ ಯಂತ್ರಗಳು ಕಪ್ಪು ಚುಕ್ಕೆ ನುಂಗಿದ ನ್ಯೂಟ್ರೋಫಿಲ್ ಅನ್ನೇ ಇಯೊಸಿನೊಫಿಲ್ ಎಂದು ತಪ್ಪಾಗಿ ಎಣಿಸುತ್ತವೆ.

● ಗುಣವಾದ ಮೇಲೂ ಕಾರ್ಡ್ ಟೆಸ್ಟ್ ಪಾಸಿಟಿವ್ ಬಂದರೆ ಗಾಬರಿ ಬೇಡ. ಫಾಲ್ಸಿಪಾರಮ್ ಬಿಟ್ಟ ಎಚ್‌ಆರ್‌ಪಿ2 ಪ್ರೋಟೀನ್ ವಾರಗಟ್ಟಲೆ ರಕ್ತದಲ್ಲಿರುತ್ತದೆ. ಜೀವಂತ ರೋಗಾಣು ಇದೆಯೇ ಎಂಬುದನ್ನು ಹೇಳುವುದು ಸ್ಲೈಡು.

● ಬಿ ಕೋಶಗಳದು ಬೇಸರದ ಕಥೆ. ಮಲೇರಿಯಾದಲ್ಲಿ ಮೊದಲು ಧಾವಿಸುವ ಅಲ್ಪಾಯು ಪ್ಲಾಸ್ಮಾಬ್ಲಾಸ್ಟ್‌ಗಳು ಪೋಷಕಾಂಶವನ್ನೆಲ್ಲ ತಾವೇ ಬಾಚಿಕೊಂಡು, ದೀರ್ಘಕಾಲದ ನೆನಪು ತಯಾರಾಗುವ ಕೇಂದ್ರಗಳನ್ನು ಸೊರಗಿಸುತ್ತವೆಂದು 2020ರಲ್ಲಿ ಇಲಿಗಳಲ್ಲಿ ಗೊತ್ತಾಯಿತು. ಇಲಿಗಳಿಗೆ ಗ್ಲುಟಮಿನ್ ಎಂಬ ಪೋಷಕಾಂಶ ಕೊಟ್ಟಾಗ ಕೇಂದ್ರಗಳು ಚೇತರಿಸಿಕೊಂಡವು. ಮಾಲಿ ದೇಶದಲ್ಲಿ ಸೋಂಕು ಮರುಕಳಿಸುತ್ತಿದ್ದವರಲ್ಲಿ ‘ಅಸಹಜ ನೆನಪಿನ ಬಿ ಕೋಶ’ಗಳು ಹೆಚ್ಚಿದ್ದವು, ಕೆರಳಿಸಿದರೂ ಮಂಕಾಗಿ ಸ್ಪಂದಿಸುವಂಥವು.

● ಇಷ್ಟಾದರೂ ಪ್ರತಿಕಾಯದ ಬಲ ಸಣ್ಣದಲ್ಲ. 1961ರಲ್ಲಿ ಕೊಹೆನ್, ಮೆಕ್‌ಗ್ರೆಗರ್ ಮತ್ತು ಕ್ಯಾರಿಂಗ್ಟನ್ ಗ್ಯಾಂಬಿಯಾದಲ್ಲಿ, ಎಷ್ಟೋ ಸಲ ಮಲೇರಿಯಾ ಕಂಡ ದೊಡ್ಡವರ ರಕ್ತದಿಂದ ಪ್ರತಿಕಾಯ ಬೇರ್ಪಡಿಸಿ ಕಾಯಿಲೆಬಿದ್ದ ಮಕ್ಕಳಿಗೆ ಕೊಟ್ಟರು. ಕೆಲವೇ ದಿನಗಳಲ್ಲಿ ಮಕ್ಕಳ ರಕ್ತದಲ್ಲಿ ರೋಗಾಣು ತೀರ ಇಳಿಯಿತು. ಮಲೇರಿಯಾ ವಿಜ್ಞಾನದಲ್ಲಿ ನನಗೆ ಅತ್ಯಂತ ಅಚ್ಚುಕಟ್ಟಾಗಿ ಕಾಣುವ ಪ್ರಯೋಗ ಇದೇ.

● ಆ ಬಲ ಕೂಡಿಬರಬೇಕಾದರೆ ಸೋಂಕು ಹಲವು ಸಲ ಆಗಬೇಕು. ಸೋಂಕು ನಿಂತರೆ ಬಲವೂ ಕರಗುತ್ತದೆ. 1947ರ ಸುಮಾರಿಗೆ ಭಾರತದಲ್ಲಿ ವರ್ಷಕ್ಕೆ ಏಳೂವರೆ ಕೋಟಿ ಮಲೇರಿಯಾ ಪ್ರಕರಣಗಳೆಂದು ಅಂದಾಜಿತ್ತು. ಡಿಡಿಟಿಯ ಕಾಲದಲ್ಲಿ, 1965ರ ಹೊತ್ತಿಗೆ, ಒಂದು ಲಕ್ಷಕ್ಕೆ ಬಂತು. 1976ರಲ್ಲಿ ಮತ್ತೆ 64 ಲಕ್ಷ. ಇಂದು ಮಾಗಡಿ ರಸ್ತೆಯ ಈಚೆ ಬೆಳೆದ ಮಕ್ಕಳ ಬಿ ಕೋಶಗಳಿಗೆ ಮಲೇರಿಯಾದ ಪರಿಚಯವೇ ಇಲ್ಲ. ಒಡಿಶಾ, ಜಾರ್ಖಂಡದಿಂದ ಕಟ್ಟಡ ಕೆಲಸಕ್ಕೆ ಬಂದವರು ಜ್ವರವಿಲ್ಲದೆ ಓಡಾಡುವಷ್ಟು ರೋಗಾಣು ನಮ್ಮವರನ್ನು ಮಲಗಿಸಬಲ್ಲದು. ಅವರನ್ನು ದೂರಬೇಕಾಗಿಲ್ಲ, ಅವರನ್ನು ಕಚ್ಚಿ ನಮ್ಮನ್ನು ಕಚ್ಚುವ ಸೊಳ್ಳೆ ಹುಟ್ಟಿದ್ದು ಇಲ್ಲಿಯ ನೀರಿನಲ್ಲೇ.

● ಬಸುರಿಗೆ ಮಲೇರಿಯಾ ಹೆಚ್ಚು ಅಪಾಯ. ಮಾಸುವಿನಲ್ಲಿ ಸಿಗುವ ಒಂದು ಸಕ್ಕರೆ ಅಣುವಿಗೆ ಅಂಟುವ ಫಾಲ್ಸಿಪಾರಮ್ ಬಗೆಯನ್ನು ಆಕೆಯ ದೇಹ ಅದುವರೆಗೆ ಕಂಡಿರುವುದಿಲ್ಲ. ಮಲೇರಿಯಾ ಹೆಚ್ಚಿರುವ ನಾಡುಗಳಲ್ಲಿ ಚೊಚ್ಚಲಿನಲ್ಲಿ ತೊಂದರೆ ಹೆಚ್ಚು, ಮುಂದಿನ ಬಸುರಿನಲ್ಲಿ ಕಡಿಮೆ. ನಮ್ಮಲ್ಲಿ ಎಲ್ಲ ಬಸುರಿಗೂ ಅಪಾಯ ಒಂದೇ.

● ಅರಿಸಿನಕ್ಕೂ ಇಲ್ಲೊಂದು ಜಾಗವಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಪದ್ಮನಾಭನ್ ಅವರ ತಂಡ ಅರಿಸಿನದ ಕರ್ಕ್ಯುಮಿನ್ ಅನ್ನು ಆರ್ಟಿಈಥರ್ ಔಷಧದ ಜತೆ ಇಲಿಗಳಿಗೆ ಕೊಟ್ಟು, ಮಲೇರಿಯಾ ಮರುಕಳಿಸದಂತೆ ತಡೆದದ್ದನ್ನು 2006ರಲ್ಲಿ ವರದಿ ಮಾಡಿತು. ಕರ್ಕ್ಯುಮಿನ್ ರೋಗನಿರೋಧಕ ಕೋಶಗಳ ವರ್ತನೆಯನ್ನು ಬದಲಿಸುತ್ತದೆಂದು 2012ರಲ್ಲಿ ಅದೇ ತಂಡ ವಿವರಿಸಿತು. ಇದು ಇಲಿಗಳ ಮಾತು. ಅರಿಸಿನದ ಹಾಲು ಕುಡಿದು ಮಲೇರಿಯಾ ಗುಳಿಗೆ ಬಿಡುವಂತಿಲ್ಲ.

● ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಒಪ್ಪಿದ ಆರ್21 ಲಸಿಕೆ ತಯಾರಾಗುವುದು ಪುಣೆಯ ಸೀರಮ್ ಇನ್‌ಸ್ಟಿಟ್ಯೂಟಿನಲ್ಲಿ. ಅದು ಫಾಲ್ಸಿಪಾರಮ್ ವಿರುದ್ಧ, ಮುಖ್ಯವಾಗಿ ಆಫ್ರಿಕಾದ ಮಕ್ಕಳಿಗೆ. ವೈವ್ಯಾಕ್ಸ್‌ಗೆ ಬಳಕೆಗೆ ಬಂದ ಲಸಿಕೆ ಇನ್ನೂ ಇಲ್ಲ.

● ಮಲೇರಿಯಾದಿಂದ ಪೂರ್ತಿ ಗುಣವಾದವರು ಮೂರು ತಿಂಗಳು ರಕ್ತದಾನ ಮಾಡುವಂತಿಲ್ಲ. ಶಿಬಿರದಲ್ಲಿ ಕೇಳಿದಾಗ ಮುಚ್ಚಿಡಬೇಡಿ.

● ಕೊನೆಯದಾಗಿ, ಯಾವ ಬಿಳಿ ಕಣಕ್ಕೂ ಸಿಗದ ರೋಗಾಣು ಒಂದಿದೆ. ವೈವ್ಯಾಕ್ಸ್‌ನ ಕೆಲವು ಮರಿಗಳು ಲಿವರಿನಲ್ಲೇ ನಿದ್ದೆ ಹೋಗುತ್ತವೆ. ಲಿಂಫೊಸೈಟ್ ಮರಳಲಿ, ಪ್ಲೇಟ್‌ಲೆಟ್ ಏರಲಿ, ಸ್ಲೈಡು ನೆಗೆಟಿವ್ ಬರಲಿ, ಅವು ಮಲಗಿಯೇ ಇರುತ್ತವೆ. ವಾರಗಳ ಅಥವಾ ತಿಂಗಳುಗಳ ಮೇಲೆ ಎದ್ದು ಮತ್ತೆ ಜ್ವರ ತರುತ್ತವೆ, ಹೊಸ ಸೊಳ್ಳೆ ಕಚ್ಚದಿದ್ದರೂ. ಮೂರು ದಿನದ ಕ್ಲೋರೊಕ್ವಿನ್ ಅವನ್ನು ಮುಟ್ಟುವುದಿಲ್ಲ. ಅವಕ್ಕೆ ಮದ್ದು ಪ್ರೈಮಾಕ್ವಿನ್, ನಮ್ಮ ರಾಷ್ಟ್ರೀಯ ಚಿಕಿತ್ಸಾ ಕ್ರಮದಲ್ಲಿ 14 ದಿನ. ಬಸುರಿಯರಿಗೂ ಎಳೆಗೂಸುಗಳಿಗೂ ಇದನ್ನು ಕೊಡುವುದಿಲ್ಲ. ಜಿ6ಪಿಡಿ ಕಿಣ್ವದ ಕೊರತೆಯಿರುವವರಲ್ಲಿ ಇದು ಕೆಂಪು ಕಣ ಒಡೆಸುವುದರಿಂದ ಡಾಕ್ಟರನ್ನು ಕೇಳಿಯೇ ನುಂಗಬೇಕು. ಮೂತ್ರ ಕಪ್ಪಗಾದರೆ ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಉಳಿದವರು ನಾಲ್ಕನೇ ದಿನಕ್ಕೆ ಮೈ ಹಗುರಾಯಿತೆಂದು ಮಿಕ್ಕ ಗುಳಿಗೆಗಳನ್ನು ಡಬ್ಬಿಗೆ ಹಾಕಿ ಮರೆಯಬೇಡಿ, ಹದಿನಾಲ್ಕೂ ದಿನ ನುಂಗಿ. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಮಲೇರಿಯಾ ಪರೀಕ್ಷೆಯೂ ಗುಳಿಗೆಯೂ ಉಚಿತ.